ಕಳೆ ಕೊಚ್ಚುವ ಯಂತ್ರದ ಆರೈಕೆ ಮತ್ತು ಅದನ್ನು ಹಿಡಿದವನ ಆರೋಗ್ಯ

ಊರು ಬಿಟ್ಟು ಬಂದವರು ಊರಿಗೆ ಮರಳುವಾಗ ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ಹಿರಿಯರ ಕಾಲದಲ್ಲಿ ಮುಂಬಯಿಯಿಂದ ಹೊರಟ ಪೆಟ್ಟಿಗೆಯಲ್ಲಿ ಟ್ರಾನ್ಸಿಸ್ಟರ್ ರೇಡಿಯೋ, ಟೆರಿಲೀನ್ ಅಂಗಿಬಟ್ಟೆ ಇರುತ್ತಿದ್ದುವು. ಅನಂತರ ಮಿಕ್ಸರ್ ಬಂದಿತು, ಗ್ಯಾಸ್ ಒಲೆ ಬಂದಿತು. ಈಗ ಕೆಲವು ವರ್ಷಗಳಿಂದ ಘಟ್ಟದ ಕೆಳಗೂ ಮಲೆನಾಡಿನಲ್ಲೂ ಅಡಿಕೆ, ತೆಂಗಿನ ತೋಟ ಉಳ್ಳ ಕುಟುಂಬಗಳ ಮುಂಬಯಿವಾಸಿ ಮಕ್ಕಳು ಊರಿಗೆ ಒದಗಿಸುತ್ತಿರುವ ವಸ್ತುವೆಂದರೆ ಪೆಟ್ರೋಲಿನಿಂದ ನಡೆಯುವ ಕಳೆ ಕೊಚ್ಚುವ ಯಂತ್ರ. ಊರಿನವರ ಬಾಯಲ್ಲಿ ಅದು ‘ಹುಲ್ಲಿನ ಮೆಷಿನ್’. ಹುಲ್ಲು ಕೊಯ್ಯುವ ಆಳು ಸಿಗುವುದಿಲ್ಲ, ಸಿಕ್ಕಿದರೂ ಸಂಬಳ ಕಟ್ಟುವುದಿಲ್ಲ. ಮನೆಯಲ್ಲಿ ಉಳಿದವರು ವಯಸ್ಸಾದವರು. ಆದುದರಿಂದ ನಾವು ನಮ್ಮ ಬದಲಿಗೆ ಒಂದು ಯಂತ್ರವನ್ನು ಕಳುಹಿಸುತ್ತೇವೆ.

ನಾನು ಇಂಜಿನಿಯರನೂ ಅಲ್ಲ, ವೈದ್ಯನೂ ಅಲ್ಲ. ವಾಣಿಜ್ಯ ಪದವಿ ಪಡೆದು ಇಪ್ಪತ್ತು ವರ್ಷಗಳಿಂದ ಬ್ಯಾಂಕಿನಲ್ಲಿ ಜಮಾಖರ್ಚು ನೋಡುತ್ತಿರುವವನು. ಹಾಗಿದ್ದೂ ಆರೋಗ್ಯ ಲೇಖನಗಳ ಈ ಸಂಚಿಕೆಗೆ ಇಂಥ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. 2017ರ ಮಳೆಗಾಲಕ್ಕೆ ಮೊದಲು ಬೆಳ್ತಂಗಡಿ ತಾಲೂಕಿನ ನಮ್ಮ ಮನೆಗೆ ಇಂತಹ ಯಂತ್ರವೊಂದನ್ನು ಕೊಂಡುಕೊಟ್ಟೆ. ಅದರೊಡನೆ ಬಂದ ಇಂಗ್ಲಿಷ್ ಕೈಪಿಡಿಯನ್ನು ‘ಆಮೇಲೆ ಓದಿ ಅಣ್ಣನಿಗೆ ತಿಳಿಸುವೆ’ನೆಂದು ಚೀಲಕ್ಕೆ ಹಾಕಿಕೊಂಡು ಉಲ್ಹಾಸನಗರಕ್ಕೆ ತಂದೆ. ಯಂತ್ರ ತೋಟದಲ್ಲಿ ಉಳಿಯಿತು, ಕೈಪಿಡಿ ನನ್ನ ಕಪಾಟಿನಲ್ಲಿ ಉಳಿಯಿತು. ಮುಂದಿನ ವರ್ಷ ಅದರಿಂದ ಒದಗಿದ ನಷ್ಟವನ್ನು ಮುಂದೆ ಹೇಳುತ್ತೇನೆ. ಅದಾದ ಬಳಿಕವೇ ಆ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು. ಯಂತ್ರದ ಆರೈಕೆಯೂ ಅದನ್ನು ಹಿಡಿದವನ ದೇಹದ ಆರೈಕೆಯೂ ಎರಡು ಬೇರೆ ವಿಷಯಗಳಲ್ಲವೆಂಬುದು ಆಗ ಮನಸ್ಸಿಗೆ ಬಂದಿತು.

ಯಂತ್ರದ ಹಿನ್ನೆಲೆ

ಹುಲ್ಲು ಕತ್ತರಿಸುವ ಯಂತ್ರದ ಮೂಲಪುರುಷ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್. ಸ್ಟ್ರೌಡ್ ಎಂಬ ಊರಿನ ಬಟ್ಟೆ ಗಿರಣಿಗಳಲ್ಲಿ ಉಣ್ಣೆಬಟ್ಟೆಯ ಮೇಲೆದ್ದ ನವಿರನ್ನು ಸಮನಾಗಿ ಕತ್ತರಿಸುವ ಉರುಳೆಯಲಗನ್ನು ನೋಡಿ, ಇದರಿಂದ ಹುಲ್ಲನ್ನೇಕೆ ಕತ್ತರಿಸಬಾರದೆಂದು ಯೋಚಿಸಿದ ಆತ 1830ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಬಟ್ಟೆಯನ್ನೇ ನಂಬಿ ಬೆಳೆದ ನಮ್ಮ ಈ ಊರಿನವರಿಗೆ ಈ ಸಂಗತಿ ಸಂತೋಷ ಕೊಡಬಹುದು. ಅದರ ವಂಶದಲ್ಲಿ ಮುಂದೆ ಬಂದವು ಕುಳಿತು ಓಡಿಸುವ ಯಂತ್ರಗಳು. ಕ್ರಿಕೆಟ್ ಮೈದಾನಗಳಲ್ಲಿ ಅವುಗಳನ್ನು ನೋಡಿದ್ದೇವೆ. ಅಮೆರಿಕದಲ್ಲಿ ವಿಶಾಲವಾದ ಹಿತ್ತಿಲುಳ್ಳ ನಮ್ಮ ಬಂಧುಗಳು ಶನಿವಾರದ ದಿನ ಅದರ ಮೇಲೆ ಕುಳಿತು ತೆಗೆಸಿಕೊಂಡ ಚಿತ್ರಗಳೂ ಬರುತ್ತವೆ. ಆದರೆ ಎರಡು ಮರಗಳ ಸಾಲಿಗೊಂದು ಬಸಿಗಾಲುವೆ, ಹತ್ತು ಹೆಜ್ಜೆಗೊಂದು ತಟ್ಟು ಇರುವ ಅಡಿಕೆ ತೋಟದಲ್ಲಿ ಕುಳಿತು ಓಡಿಸುವುದು ಆಗದ ಮಾತು. ಅಲ್ಲಿ ಹೆಗಲಿಗೆ ತೂಗುಹಾಕಿಕೊಂಡು ಬೀಸುವ ಯಂತ್ರವೇ ಆಗಬೇಕು.

ನೈಲಾನ್ ಹುರಿಯಿಂದಲೂ ಹುಲ್ಲು ಕತ್ತರಿಸಬಹುದೆಂದು 1971ರಲ್ಲಿ ತೋರಿಸಿದವನು ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್. ಕಾರು ತೊಳೆಯುವ ಅಂಗಡಿಯಲ್ಲಿ ಗಿರ್ರನೆ ತಿರುಗುತ್ತಿದ್ದ ಕುಂಚಗಳನ್ನು ಕಂಡು ಅವನಿಗೆ ಈ ಯುಕ್ತಿ ಹೊಳೆಯಿತಂತೆ. ನಮ್ಮ ಕಡೆ ಪುತ್ತೂರಿನಲ್ಲಿ ಕ್ಯಾಂಪ್ಕೋ ನಡೆಸಿದ ಕೃಷಿ ಯಂತ್ರಮೇಳದಂತಹ ಪ್ರದರ್ಶನಗಳಿಂದಲೂ ರೈತ ಸಂಪರ್ಕ ಕೇಂದ್ರಗಳ ಸಹಾಯಧನದಿಂದಲೂ ಈ ಯಂತ್ರಗಳು ಸಣ್ಣ ಹಿಡುವಳಿದಾರರ ಮನೆಗೂ ತಲುಪಿವೆ. ಕೊಳ್ಳುವುದಕ್ಕೆ ಸಾಲವುಂಟು, ಸಹಾಯಧನವುಂಟು. ಕೊಂಡದ್ದನ್ನು ಕಾಪಾಡಲು ಎರಡೂ ಇಲ್ಲ.

ಪೆಟ್ರೋಲು

ಮೊದಲಿಗೆ ತಿಳಿಯಬೇಕಾದುದು ನಮ್ಮ ಯಂತ್ರ ಯಾವ ಜಾತಿಯದೆಂಬುದು. ಟೂ ಸ್ಟ್ರೋಕ್ ಎಂಜಿನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಫೋರ್ ಸ್ಟ್ರೋಕ್ ಎಂಜಿನಿಗೆ ಪೆಟ್ರೋಲು ಬೇರೆ, ಎಣ್ಣೆ ಬೇರೆ. ಹಳೆಯ ಬಜಾಜ್ ಚೇತಕ್ ಸ್ಕೂಟರನ್ನು ಓಡಿಸಿದವರಿಗೆ ಬಂಕಿನಲ್ಲಿ ‘ಟೂ-ಟಿ ಎಣ್ಣೆ’ ಹಾಕಿಸುತ್ತಿದ್ದುದು ನೆನಪಿರಬಹುದು. ಟೂ ಸ್ಟ್ರೋಕ್ ಯಂತ್ರಕ್ಕೆ ಬೇಕಾದುದು ಆ ವರ್ಗದ ಎಣ್ಣೆ. ಪ್ರಮಾಣ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತದೆ. ಐವತ್ತಕ್ಕೆ ಒಂದು ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು, ಇಪ್ಪತ್ತೈದಕ್ಕೆ ಒಂದು ಎಂದಿದ್ದರೆ 40 ಮಿಲಿಲೀಟರು. ಕಣ್ಣಂದಾಜು ಸಲ್ಲದು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಹೊಗೆ ಕಾರಿ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ. ಮಕ್ಕಳ ಕೆಮ್ಮಿನ ಔಷಧದ ಅಳತೆ ಮುಚ್ಚಳ ಈ ಕೆಲಸಕ್ಕೆ ಬಹಳ ಅನುಕೂಲ. ಆದರೆ ಒಮ್ಮೆ ತೆಗೆದುಕೊಂಡ ಮುಚ್ಚಳ ಯಂತ್ರದ ಬಳಿಯೇ ಇರಬೇಕು, ಮತ್ತೆ ಮನೆಯೊಳಗೆ ಹೋಗಕೂಡದು.

ಪೆಟ್ರೋಲನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಇಡುವ ಅಭ್ಯಾಸ ನಮ್ಮ ಮನೆಗಳಲ್ಲಿ ತುಂಬ ಇದೆ. ಇದನ್ನು ಬಿಡಲೇಬೇಕು. ರಜೆಗೆ ಹೋದ ನಮ್ಮ ಮಕ್ಕಳಿಗೆ ಅಲ್ಲಿನ ಕೊಟ್ಟಿಗೆಯ ಮೂಲೆಮುಡುಕುಗಳ ಪರಿಚಯವಿರುವುದಿಲ್ಲ. ಅಕಸ್ಮಾತ್ ಮಗುವೊಂದು ಗುಟುಕರಿಸಿದರೆ ವಾಂತಿ ಮಾಡಿಸತಕ್ಕದ್ದಲ್ಲ. ವಾಂತಿಯ ವೇಳೆ ಪೆಟ್ರೋಲು ಶ್ವಾಸಕೋಶಕ್ಕಿಳಿಯುವುದೇ ಹೆಚ್ಚು ಅಪಾಯ. ಹಾಗೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನೊಂದು ಸಂಗತಿ ಹೊಸದು. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪ್ರಮಾಣ ಶೇಕಡಾ 20ಕ್ಕೆ ಏರಿತು. ಎಥನಾಲಿಗೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವಿದೆ. ಕರಾವಳಿಯ ಮಳೆಗಾಲದಲ್ಲಿ ಉಪ್ಪು ತಾನಾಗಿ ನೀರಾಗುವುದನ್ನು ಕಂಡವರಿಗೆ ಆ ತೇವ ಎಷ್ಟೆಂದು ಹೇಳಬೇಕಾಗಿಲ್ಲ. ಅರ್ಧ ತುಂಬಿದ ಡಬ್ಬಿಯಲ್ಲಿ ವಾರಗಟ್ಟಲೆ ಇಟ್ಟ ಪೆಟ್ರೋಲು ನೀರನ್ನು ಹೀರುತ್ತಾ ಹೋಗಿ, ಒಂದು ಮಿತಿ ದಾಟಿದ ಮೇಲೆ ನೀರೂ ಎಥನಾಲೂ ಕೂಡಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟ್ಯಾಂಕಿನಲ್ಲಿ ಹೀಗಾದರೆ ಎಂಜಿನು ಹೀರುವುದು ತಳದಿಂದಲೇ. ಟೂ ಸ್ಟ್ರೋಕ್ ಯಂತ್ರವಾದರೆ ಎಣ್ಣೆ ಮೇಲಿನ ಪದರದಲ್ಲೇ ಉಳಿದು, ಎಂಜಿನು ಎಣ್ಣೆಯಿಲ್ಲದೆ ಓಡಿದಂತಾಗುತ್ತದೆ. ಮೇಲಾಗಿ ಎಥನಾಲು ಹಳೆಯ ರಬ್ಬರಿನ ಕೊಳವೆಗಳನ್ನೂ ಕಾರ್ಬುರೇಟರಿನೊಳಗಿನ ತೆಳುವಾದ ರಬ್ಬರು ಪೊರೆಯನ್ನೂ ಕೆಡಿಸುತ್ತದೆ. ಇದಕ್ಕೆ ಉಪಾಯ ಸುಲಭ: ಎರಡು ಮೂರು ದಿನದ ಕೆಲಸಕ್ಕೆ ಬೇಕಾದಷ್ಟೇ ತರುವುದು, ತಿಂಗಳಿಗಿಂತ ಹಳೆಯದನ್ನು ಯಂತ್ರಕ್ಕೆ ಹಾಕದಿರುವುದು.

ನಾಲ್ಕು ಚಮಚ ಎಣ್ಣೆಯ ಲೆಕ್ಕ

ಫೋರ್ ಸ್ಟ್ರೋಕ್ ಯಂತ್ರಗಳಲ್ಲಿ ನಾವು ಹೆಚ್ಚಾಗಿ ಕಾಣುವ ಹೊಂಡಾ ಜಿ.ಎಕ್ಸ್. 35 ಎಂಬ ಎಂಜಿನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಗಾತ್ರ 35.8 ಸಿ.ಸಿ., ಅದಕ್ಕೆ ಹಿಡಿಸುವ ಎಣ್ಣೆ ಕೇವಲ 100 ಮಿಲಿಲೀಟರು. ಸ್ಕೂಟರಿನಲ್ಲಿ ಮುಕ್ಕಾಲು ಲೀಟರಿನಷ್ಟು ಇರುವುದರಿಂದ ಸ್ವಲ್ಪ ತಗ್ಗಿದರೂ ನಡೆದೀತು. ಇಲ್ಲಿ ನಾಲ್ಕು ದೊಡ್ಡ ಚಮಚ ಕಡಿಮೆಯಾದರೆ ಅರ್ಧಕ್ಕಿಂತ ಹೆಚ್ಚು ಬಂಡವಾಳ ಕರಗಿದಂತೆ. ಆದುದರಿಂದ ಪ್ರತಿದಿನ ಬೆಳಿಗ್ಗೆ ಯಂತ್ರವನ್ನು ಸಮನೆಲದಲ್ಲಿಟ್ಟು, ಎಣ್ಣೆಯ ಮುಚ್ಚಳ ಬಿಚ್ಚಿ, ಬಾಯಿಯ ಅಂಚಿನವರೆಗೆ ಎಣ್ಣೆ ಇದೆಯೇ ಎಂದು ನೋಡಬೇಕು. ಹೊಸ ಯಂತ್ರದಲ್ಲಿ ಮೊದಲ ಹತ್ತು ಗಂಟೆಯ ಕೆಲಸದ ನಂತರ ಎಣ್ಣೆ ಬದಲಿಸತಕ್ಕದ್ದು. ಆಮೇಲೆ ಐವತ್ತು ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ, ಯಾವುದು ಮೊದಲೋ ಅದು. ಹೊಸ ಎಂಜಿನಿನ ಲೋಹಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರಿದ ಸೂಕ್ಷ್ಮ ಪುಡಿ ಆ ಮೊದಲ ಎಣ್ಣೆಯಲ್ಲಿರುತ್ತದೆ. ಅದನ್ನು ಹೊರಹಾಕದೆ ಬಿಡುವುದೆಂದರೆ ಮರಳು ಬೆರೆತ ಎಣ್ಣೆಯಲ್ಲಿ ಓಡಿಸಿದ ಹಾಗೆ.

ಎಂಜಿನು ಸ್ವಲ್ಪ ಬಿಸಿಯಿರುವಾಗ ಹಳೆಯ ಎಣ್ಣೆ ಸಲೀಸಾಗಿ ಇಳಿಯುತ್ತದೆ. ಅದನ್ನು ಗೆದ್ದಲಿಗೆಂದು ಕಂಬಗಳಿಗೆ ಬಳಿಯುವುದು ಊರಿನ ರೂಢಿ. ಕೈಯಿಂದ ಬಳಿಯುವುದು ಮಾತ್ರ ಬೇಡ. ಸುಟ್ಟ ಎಂಜಿನ್ ಎಣ್ಣೆ ಪದೇ ಪದೇ ಚರ್ಮಕ್ಕೆ ತಾಗುವುದು ಚರ್ಮರೋಗಕ್ಕೆ ಮೂಲ, ದೀರ್ಘಕಾಲ ತಾಗುತ್ತಿದ್ದರೆ ಅರ್ಬುದಕ್ಕೂ. ಬಾವಿಯ ಹತ್ತಿರ ಚೆಲ್ಲುವುದಂತೂ ಸಲ್ಲದು.

ನಮ್ಮ ಉಲ್ಹಾಸನಗರದ ಐದನೆಯ ಕ್ಯಾಂಪಿನಲ್ಲಿ ಜೀನ್ಸ್ ಹೊಲಿಯುವ ಕಾರಖಾನೆಯೊಂದಕ್ಕೆ ಸಾಲದ ತಪಾಸಣೆಗಾಗಿ ಬೆಳಿಗ್ಗೆ ಬೇಗ ಹೋಗಿದ್ದೆ. ಹೊಲಿಯುವವರು ಬಂದು ಕುಳಿತೊಡನೆ ಮಾಡಿದ ಮೊದಲ ಕೆಲಸ ಹೊಲಿಗೆಯಲ್ಲ. ಕುಂಚದಿಂದ ನೂಲಿನ ಧೂಳು ಕೊಡವಿ, ಯಂತ್ರಕ್ಕೆ ಎಣ್ಣೆ ನೋಡಿ, ಚಿಂದಿಯ ಮೇಲೆ ಒಂದು ಸಾಲು ಹೊಲಿದು ನೋಡಿದರು. ಯಾರೂ ಹೇಳಬೇಕಾಗಿರಲಿಲ್ಲ. ದಿನದ ಗಳಿಕೆ ಆ ಯಂತ್ರದ ಮೇಲೆ ನಿಂತಿದೆ. ನಮ್ಮ ಹುಲ್ಲಿನ ಯಂತ್ರಕ್ಕೆ ಈ ಭಾಗ್ಯವಿಲ್ಲ. ಅದು ವರ್ಷದಲ್ಲಿ ಮೂರು ಸಲ ಮಾತ್ರ ನೆನಪಾಗುವ ನೆಂಟ.

ಗಾಳಿ ಮತ್ತು ಕಿಡಿ

ಗಾಳಿಸೋಸಕದ ವಿಷಯ ಚುಟುಕು. ಅದು ಸ್ಪಂಜಿನದಾಗಿದ್ದರೆ ಇಪ್ಪತ್ತೈದು ಗಂಟೆಗೊಮ್ಮೆ ಸಾಬೂನು ನೀರಿನಲ್ಲಿ ಹಿಂಡಿ ತೊಳೆದು, ಒಣಗಿಸಿ, ಎಂಜಿನ್ ಎಣ್ಣೆಯಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಹಾಕುವುದು. ಧೂಳಿನ ದಿನಗಳಲ್ಲಿ ಇನ್ನೂ ಬೇಗ. ಪೆಟ್ರೋಲಿನಲ್ಲಿ ತೊಳೆಯಬಾರದು. ಕಟ್ಟಿದ ಸೋಸಕವಿರುವ ಎಂಜಿನು, ಮೂಗು ಕಟ್ಟಿದ ಮನುಷ್ಯನಂತೆ, ಕೆಲಸಕ್ಕಿಂತ ಹೆಚ್ಚಾಗಿ ಏದುಸಿರು ಬಿಡುತ್ತದೆ.

ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಎಂಜಿನಿನ ಆರೋಗ್ಯ ತಿಳಿಯುತ್ತದೆ. ವೈದ್ಯರು ನಾಲಗೆ ನೋಡುವಂತೆ. ತುದಿ ಕಾಫಿಪುಡಿಯ ಬಣ್ಣದಲ್ಲಿದ್ದರೆ ಸರಿ. ಕಪ್ಪಾಗಿ ಜಿಡ್ಡು ಹಿಡಿದಿದ್ದರೆ ಎಣ್ಣೆಯೋ ಪೆಟ್ರೋಲೋ ಹೆಚ್ಚು, ಅಥವಾ ಗಾಳಿ ಕಡಿಮೆ. ಬೆಳ್ಳಗಾಗಿದ್ದರೆ ಎಂಜಿನು ಅತಿಯಾಗಿ ಕಾಯುತ್ತಿದೆ. ಎರಡು ತುದಿಗಳ ನಡುವಿನ ಅಂತರ ಮೇಲೆ ಹೇಳಿದ ಎಂಜಿನಿನಲ್ಲಿ 0.6ರಿಂದ 0.7 ಮಿಲಿಮೀಟರು ಇರಬೇಕು. ಪ್ಲಗ್ಗು, ಸೋಸಕಗಳನ್ನು ಕೊಳ್ಳುವಾಗ ಅಸಲಿಯನ್ನೇ ಕೊಳ್ಳಿರಿ. ‘ಮೇಡ್ ಇನ್ ಯು.ಎಸ್.ಎ.’ ಎಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಶನ್ ಎಂಬ ಹಳೆಯ ಹಾಸ್ಯವನ್ನು ಕೇಳಿ ಕೇಳಿ ಬೇಸತ್ತ ನಮಗಿಂತ ಚೆನ್ನಾಗಿ ನಕಲಿಯ ಕುರಿತು ಇನ್ನಾರು ಬಲ್ಲರು?

ಯಂತ್ರ ಹೊತ್ತಿಕೊಳ್ಳದಿದ್ದಾಗ ನಮ್ಮವರು ಮಾಡುವುದೇನೆಂದರೆ ಹಗ್ಗವನ್ನು ಮತ್ತಷ್ಟು ಬಲವಾಗಿ ಎಳೆಯುವುದು. 2018ರ ಜೂನಿನಲ್ಲಿ ಅಣ್ಣ ಮೂವತ್ತು ನಲವತ್ತು ಸಲ ಎಳೆದು, ಭುಜದ ಸ್ನಾಯು ಉಳುಕಿಸಿಕೊಂಡು, ‘ಈ ಮೆಷಿನ್ ಸ್ಟಾರ್ಟೇ ಆಗುವುದಿಲ್ಲ ಮಾರಾಯ, ನೀನೇ ಬಂದು ಎಳೆ’ ಎಂದು ಫೋನಿನಲ್ಲಿ ಹೇಳಿದರು. ದೋಷ ಹಗ್ಗದಲ್ಲಿರಲಿಲ್ಲ, ಎಂಟು ತಿಂಗಳ ಹಿಂದಿನ ಪೆಟ್ರೋಲು ಕಾರ್ಬುರೇಟರಿನಲ್ಲಿ ಅಂಟಾಗಿ ಗಟ್ಟಿಯಾಗಿತ್ತು. ಐದಾರು ಸಲಕ್ಕೆ ಹೊತ್ತಿಕೊಳ್ಳದಿದ್ದರೆ ನಿಲ್ಲಿಸಿ ಯೋಚಿಸಬೇಕು. ಪೆಟ್ರೋಲು ಹೊಸದೇ? ಕಾರ್ಬುರೇಟರಿಗೆ ಬರುತ್ತಿದೆಯೇ? ಸೋಸಕ ಶುದ್ಧವೇ? ಸ್ವಿಚ್ಚು ಸರಿಯಾದ ಕಡೆಗಿದೆಯೇ? ನಗಬೇಡಿರಿ, ಅರ್ಧ ಪಾಲು ದೂರುಗಳು ಇಲ್ಲೇ ಮುಗಿಯುತ್ತವೆ. ಕೊನೆಗೆ ಪ್ಲಗ್ಗು. ಅದು ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚಾಗಿ ತುಂಬಿಕೊಂಡಿದೆ. ಪ್ಲಗ್ಗನ್ನು ತೆಗೆದು ಒರಸಿ, ಸ್ವಿಚ್ಚು ಆರಿಸಿದಂತೆಯೇ ಹಗ್ಗವನ್ನು ನಾಲ್ಕಾರು ಸಲ ಮೆಲ್ಲನೆ ಎಳೆದು, ಹತ್ತು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಹಗ್ಗವನ್ನು ಎಳೆಯುವುದಕ್ಕೂ ಕ್ರಮವುಂಟು. ಮೊದಲು ನಿಧಾನವಾಗಿ ಎಳೆದು, ತಡೆ ಕಂಡುಬಂದ ಕೂಡಲೇ ಅಲ್ಲಿಂದ ಒಮ್ಮೆಲೇ ಜಗ್ಗಬೇಕು. ಹಿಂದಕ್ಕೆ ಹೋಗುವಾಗ ಕೈಬಿಡದೆ ಜೊತೆಯಲ್ಲೇ ಬಿಟ್ಟುಕೊಡಬೇಕು.

ಅಲಗಿನ ಕಡೆಗೆ

ಕೋಲಿನ ಕೆಳತುದಿಯಲ್ಲಿ, ಅಲಗಿನ ಮೇಲ್ಗಡೆ, ಮುಷ್ಟಿಗಾತ್ರದ ಒಂದು ಗೇರುಪೆಟ್ಟಿಗೆಯಿದೆ. ಎಂಜಿನಿನ ತಿರುಗುವಿಕೆಯನ್ನು ಅಲಗಿಗೆ ತಿರುಗಿಸಿಕೊಡುವ ಹಲ್ಲುಗಾಲಿಗಳು ಅದರೊಳಗಿವೆ. ಪಕ್ಕದ ತಿರುಪು ಬಿಚ್ಚಿ, ಇಪ್ಪತ್ತೈದು ಗಂಟೆಗೊಮ್ಮೆ ಗ್ರೀಸ್ ಇದೆಯೇ ಎಂದು ನೋಡಬೇಕು. ಇಡೀ ಯಂತ್ರದಲ್ಲಿ ಎಲ್ಲರೂ ಮರೆಯುವ ಜಾಗ ಇದೇ. ಹಾಗೆಂದು ತುರುಕಿ ತುಂಬಲೂಬಾರದು. ತುಂಬಿದ ಗ್ರೀಸ್ ಕಾದು ಸೀಲನ್ನು ಹಿಗ್ಗಿಸಿ ಹೊರಬರುತ್ತದೆ.

ಅಲಗು ಬದಲಿಸುವಾಗ ಎಂಜಿನು ನಿಂತಿರಬೇಕು, ಪ್ಲಗ್ಗಿನ ಟೋಪಿ ಕಳಚಿರಬೇಕು. ಹೆಚ್ಚಿನ ಯಂತ್ರಗಳಲ್ಲಿ ಅಲಗಿನ ನಟ್ಟು ಎಡಸುತ್ತಿನದು. ಬಲಕ್ಕೆ ತಿರುಗಿಸಿದರೆ ಸಡಿಲ, ಎಡಕ್ಕೆ ತಿರುಗಿಸಿದರೆ ಬಿಗಿ. ಇದನ್ನರಿಯದೆ ಉದ್ದನೆಯ ಕೊಳವೆ ಸಿಕ್ಕಿಸಿ ಬಲಪ್ರಯೋಗ ಮಾಡಿ ಸುತ್ತನ್ನೇ ಸವೆಸಿದವರುಂಟು. ಹುಲ್ಲಿಗೆ, ಮರದ ಬುಡಕ್ಕೆ, ಹನಿ ನೀರಾವರಿಯ ಕೊಳವೆಗಳ ಬಳಿ ನೈಲಾನ್ ಹುರಿ. ದಪ್ಪ ಕಾಂಡದ ಪೊದೆಗೆ ಮೂರು ಮೂಲೆಯ ಅಲಗು. ಹುರಿಯ ಎರಡು ತುದಿಗಳು ಸಮನಾದ ಉದ್ದವಿರಬೇಕು. ಅಲಗನ್ನು ಮಸೆಯುವಾಗ ಎಲ್ಲ ಅಂಚುಗಳನ್ನೂ ಸಮನಾಗಿ ಮಸೆಯಬೇಕು. ಇಲ್ಲದಿದ್ದರೆ ತೂಕ ತಪ್ಪಿ ಇಡೀ ಯಂತ್ರ ನಡುಗುತ್ತದೆ, ಆ ನಡುಕ ಕೈಗೇರುತ್ತದೆ. ಬಿರುಕು ಬಿಟ್ಟ ಅಲಗನ್ನು ಬೆಸುಗೆ ಹಾಕಿಸುವುದೂ, ನೈಲಾನ್ ಹುರಿ ಮುಗಿಯಿತೆಂದು ಅದರ ಜಾಗದಲ್ಲಿ ಕಬ್ಬಿಣದ ತಂತಿ ಸಿಕ್ಕಿಸುವುದೂ ಜೀವಕ್ಕೆರವಾಗುವ ಮಿತವ್ಯಯ. ತುಂಡಾದ ತಂತಿಗೂ ಬಂದೂಕಿನ ಗುಂಡಿಗೂ ಹೆಚ್ಚು ವ್ಯತ್ಯಾಸವಿಲ್ಲ. ಎಕ್ಸಲರೇಟರ್ ಬಿಟ್ಟಾಗ ಅಲಗು ನಿಲ್ಲಬೇಕು. ನಿಲ್ಲದೆ ತಿರುಗುತ್ತಿದ್ದರೆ ನಿಧಾನಗತಿಯ ತಿರುಪನ್ನೋ ಕ್ಲಚ್ಚನ್ನೋ ಸರಿಪಡಿಸುವ ತನಕ ತೋಟಕ್ಕಿಳಿಯಕೂಡದು.

ಅಲಗಿನ ಹಿಂಬದಿಯಲ್ಲಿ ಪ್ಲಾಸ್ಟಿಕ್ಕಿನದೊಂದು ರಕ್ಷಕವಿರುತ್ತದೆ. ಒದ್ದೆ ಹುಲ್ಲು ಅದಕ್ಕೆ ಮೆತ್ತಿಕೊಳ್ಳುತ್ತದೆ. ಅರ್ಧ ಗಂಟೆಗೊಮ್ಮೆ ಯಂತ್ರ ನಿಲ್ಲಿಸಿ ಕೆರೆದು ತೆಗೆಯುವುದು ಬೇಸರದ ಕೆಲಸ. ಯಂತ್ರ ತಂದ ವರ್ಷ ನಾನೇ ಒಂದು ದಿನ ಹುಲ್ಲು ಕೊಚ್ಚಿ ನೋಡಿ, ಇದೊಂದು ಅಡ್ಡಿಯೆಂದು ಎರಡು ತಿರುಪು ಕಳಚಿ ರಕ್ಷಕವನ್ನು ತೆಗೆದು ಅಟ್ಟದ ಮೇಲಿಟ್ಟೆ. ಅಣ್ಣ ಅದನ್ನು ಮತ್ತೆ ಹಾಕಲಿಲ್ಲ. ಮುಂಬಯಿಯಲ್ಲಿ ಕಲಿತು ಬಂದ ತಮ್ಮ ತೆಗೆದದ್ದಲ್ಲವೇ?

2018ರ ಆಗಸ್ಟಿನಲ್ಲಿ, ಲುಂಗಿ ಉಟ್ಟು ಬರಿಗಣ್ಣಿನಲ್ಲಿ ಕೊಚ್ಚುತ್ತಿದ್ದ ಅಣ್ಣನ ಬಲಗಣ್ಣಿಗೆ ಒಂದು ಚೂರು ಸಿಡಿಯಿತು. ಕಲ್ಲಲ್ಲ, ಒಣ ಕಡ್ಡಿಯ ಚೂರು. ರಕ್ತ ಬರಲಿಲ್ಲ. ತೊಳೆದುಕೊಂಡು ಸಂಜೆಯ ತನಕ ಕೆಲಸ ಮುಂದುವರಿಸಿದರು. ಮರುದಿನ ಕಣ್ಣು ಕೆಂಪಾಯಿತು. ನೆರೆಯವರು ನಂದಿಬಟ್ಟಲು ಹೂವಿನ ರಸ ಹೇಳಿದರು; ಪೇಟೆಯ ಔಷಧದಂಗಡಿಯೊಂದರಲ್ಲಿ ಯಾವುದೋ ಹನಿ ಕೊಟ್ಟರು. ಹನಿ ಹಾಕಿದ ಒಂದೆರಡು ದಿನ ಕೆಂಪು ಇಳಿದಂತೆ ತೋರಿತು. ವಾರದ ನಂತರ ಕರಿಗುಡ್ಡೆಯ ಮೇಲೆ ಬಿಳಿಯ ಚುಕ್ಕೆ ಮೂಡಿತು, ಬೆಳಕು ನೋಡಲಾಗದಷ್ಟು ನೋವು. ಮಂಗಳೂರಿನಲ್ಲಿ ವೈದ್ಯರು ಹುಣ್ಣನ್ನು ಕೆರೆದು ಪರೀಕ್ಷಿಸಿ, ಇದು ಶಿಲೀಂಧ್ರದ ಸೋಂಕೆಂದರು.

ಗಿಡಮರಗಳ ಚೂರು, ಭತ್ತದ ಹೊಟ್ಟು, ಸೋಗೆಯ ತುದಿ ಇವು ಕಣ್ಣಿನ ಪಾರದರ್ಶಕ ಪಟಲವನ್ನು ಗೀರಿದಾಗ ಅವುಗಳೊಡನೆ ಶಿಲೀಂಧ್ರದ ಬೀಜಾಣುಗಳೂ ಒಳಸೇರಬಲ್ಲವು. ದಕ್ಷಿಣ ಭಾರತದ ರೈತಾಪಿ ಜನರಲ್ಲಿ ಇದು ಅಪರೂಪವಾದ ರೋಗವಲ್ಲ. ಅಂಗಡಿಯಲ್ಲಿ ಕೇಳಿ ಪಡೆದ ಹನಿಯಲ್ಲಿ ಸ್ಟೆರಾಯ್ಡ್ ಇದ್ದರೆ ಕೆಂಪು ತಾತ್ಕಾಲಿಕವಾಗಿ ಇಳಿದು ರೋಗಿಗೆ ಸಮಾಧಾನವಾಗುತ್ತದೆ, ಒಳಗೆ ಸೋಂಕು ಮಾತ್ರ ನಿರಾತಂಕವಾಗಿ ಹರಡುತ್ತದೆ. ಆದುದರಿಂದ ಕಣ್ಣಿಗೆ ಏನಾದರೂ ಸಿಡಿದರೆ ಉಜ್ಜದೆ ಶುದ್ಧ ನೀರಿನಿಂದ ತೊಳೆದು, ಅದೇ ದಿನ ಅಥವಾ ಮರುದಿನವೇ ನೇತ್ರವೈದ್ಯರಿಗೆ ತೋರಿಸಬೇಕು. ಕಡ್ಡಿಯಿಂದ ಗಾಯವಾಯಿತೆಂದು ಸ್ಪಷ್ಟವಾಗಿ ಹೇಳಬೇಕು. ಹೂವಿನ ರಸ, ಎದೆಹಾಲು, ಹಳೆಯ ಹನಿಯ ಸೀಸೆ ಯಾವುದೂ ಬೇಡ. ಏನಾದರೂ ಕಣ್ಣಿನಲ್ಲಿ ನಾಟಿಕೊಂಡಿದ್ದರೆ ಕೀಳಲು ಹೋಗದೆ, ಒತ್ತದೆ, ಹಾಗೆಯೇ ಕರೆದೊಯ್ಯಬೇಕು.

ಎರಡು ತಿಂಗಳ ಚಿಕಿತ್ಸೆಯಿಂದ ಅಣ್ಣನ ಕಣ್ಣು ಉಳಿಯಿತು. ಬಿಳಿಯ ಕಲೆಯೂ ಉಳಿಯಿತು. ಆ ಕಣ್ಣಿನಿಂದ ಪತ್ರಿಕೆಯ ಅಕ್ಷರಗಳನ್ನು ಅವರು ಈಗ ಓದಲಾರರು. ಕೈಪಿಡಿಯ ಮೂರನೆಯ ಪುಟದಲ್ಲೇ, ರಕ್ಷಕವಿಲ್ಲದೆ ಯಂತ್ರ ನಡೆಸಬಾರದೆಂದು ಕಪ್ಪು ಅಕ್ಷರದಲ್ಲಿ ಅಚ್ಚಾಗಿದೆ. ಕನ್ನಡಕ ಧರಿಸಿದ ಮನುಷ್ಯನ ಚಿತ್ರವೂ ಇದೆ. ಚಿತ್ರ ನೋಡಲು ಇಂಗ್ಲಿಷು ಬೇಕಿರಲಿಲ್ಲ.

ಕನ್ನಡಕವೆಂದರೆ ಬಿಸಿಲಿನ ಕನ್ನಡಕವಲ್ಲ, ಓದುವ ಕನ್ನಡಕವೂ ಅಲ್ಲ. ಪಕ್ಕಗಳೂ ಮುಚ್ಚಿರುವ ಗಟ್ಟಿ ಪ್ಲಾಸ್ಟಿಕ್ಕಿನ ರಕ್ಷಣಾ ಕನ್ನಡಕ. ಮುಖಕ್ಕೆ ಜಾಲರಿಯಿದ್ದರೂ ಒಳಗೆ ಇದು ಬೇಕು, ಏಕೆಂದರೆ ಸಣ್ಣ ಚೂರು ಜಾಲರಿಯ ಕಣ್ಣಿನಲ್ಲಿ ನುಸುಳುತ್ತದೆ. ಲುಂಗಿಯ ಬದಲು ದಪ್ಪ ಬಟ್ಟೆಯ ಪ್ಯಾಂಟು, ಕಾಲಿಗೆ ಗಮ್‌ಬೂಟು. ಕೆಲಸ ನಡೆಯುವಾಗ ಹದಿನೈದು ಮೀಟರಿನೊಳಗೆ ಮಕ್ಕಳಾಗಲಿ ದನಕರುಗಳಾಗಲಿ ಇರಬಾರದು. ಕಾಫಿ ಕೊಡಲು ಹಿಂದಿನಿಂದ ಬಂದು ಭುಜ ತಟ್ಟುವುದನ್ನು ಮನೆಯವರು ಬಿಡಬೇಕು. ಎದುರಿಗೆ ದೂರದಲ್ಲಿ ನಿಂತು ಕೈಬೀಸಬೇಕು.

ನಡುಕ ಮತ್ತು ಶಬ್ದ

ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇಂಡಿಯಾನಾ ಪ್ರಾಂತದ ಬೆಡ್‌ಫರ್ಡಿನ ಕಲ್ಲುಕುಟಿಗರನ್ನು ಪರೀಕ್ಷಿಸಿದರು. ಗಾಳಿಯೊತ್ತಡದ ಸುತ್ತಿಗೆ ಹಿಡಿದು ದುಡಿಯುತ್ತಿದ್ದ ಅವರ ಬೆರಳುಗಳು ಚಳಿಗೆ ಬಿಳಿಚಿ ಮರಗಟ್ಟುತ್ತಿದ್ದುವು. ನಡುಕದಿಂದ ಬೆರಳಿನ ರಕ್ತನಾಳಗಳಿಗೂ ನರಗಳಿಗೂ ಆಗುವ ಹಾನಿಯಿದು. ತೋಟದ ಯಂತ್ರವೂ ಇದೇ ಜಾತಿಯ ನಡುಕವನ್ನು ಕೊಡುತ್ತದೆ. ಕೆಲಸ ಮುಗಿದ ಮೇಲೆ ಕೈ ಜುಮ್ಮೆನ್ನುವುದು, ರಾತ್ರಿ ಬೆರಳು ಮರಗಟ್ಟಿ ಎಚ್ಚರವಾಗುವುದು ಅದರ ಮೊದಲ ನೋಟೀಸು. ಮೊಂಡ ಅಲಗು, ಸವೆದ ಹಿಡಿಕೆಯ ರಬ್ಬರು, ಸಡಿಲ ತಿರುಪು ಇವೆಲ್ಲ ನಡುಕವನ್ನು ಹೆಚ್ಚಿಸುವಂತಹವು. ಹೆಗಲಪಟ್ಟಿಯನ್ನು ಎತ್ತರಕ್ಕೆ ತಕ್ಕಂತೆ ಹೊಂದಿಸಿದರೆ ಯಂತ್ರದ ಭಾರ ತೋಳಿನಿಂದ ಹೆಗಲಿಗೂ ಸೊಂಟಕ್ಕೂ ಹಂಚಿಹೋಗುತ್ತದೆ. ಒಂದು ಟ್ಯಾಂಕು ಮುಗಿದ ಕೂಡಲೇ ಇಪ್ಪತ್ತು ನಿಮಿಷ ಬಿಡುವು, ಎಂಜಿನೂ ತಣಿಯುತ್ತದೆ. ಕಾದ ಎಂಜಿನಿಗೆ ಪೆಟ್ರೋಲು ಸುರಿದು ಬೆಂಕಿ ಹೊತ್ತಿಸಿಕೊಳ್ಳುವ ಸಂಭವವೂ ತಪ್ಪುತ್ತದೆ.

ಶಬ್ದದ ವಿಷಯದಲ್ಲಿ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಹೇಳುವ ಮಿತಿ 85 ಡೆಸಿಬೆಲ್, ಅದೂ ದಿನಕ್ಕೆ ಎಂಟು ಗಂಟೆ. ಅಲ್ಲಿಂದ ಮುಂದೆ ಪ್ರತಿ ಮೂರು ಡೆಸಿಬೆಲಿಗೆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲಿನಲ್ಲಿ ಹದಿನೈದೇ ನಿಮಿಷ. ಚಕ್ರಬಡ್ಡಿಯ ಲೆಕ್ಕ ತಿಳಿದವರಿಗೆ ಇದರ ವೇಗ ಅರ್ಥವಾದೀತು. ಅಳೆಯುವ ಉಪಕರಣ ಬೇಡ. ತೋಳಳತೆಯ ದೂರದಲ್ಲಿರುವವರೊಡನೆ ಕೂಗಿ ಮಾತಾಡಬೇಕಾದರೆ ಶಬ್ದ ಮಿತಿ ಮೀರಿದೆಯೆಂದೇ ತಿಳಿಯಬೇಕು. ಕಿವಿಗೆ ಹತ್ತಿ ತುರುಕಿಕೊಂಡರೆ ಸಾಲದು. ಅದಕ್ಕೆಂದೇ ಮಾಡಿದ ಕಿವಿಮುಚ್ಚುಗಳು ಸಿಗುತ್ತವೆ.

ಎತ್ತಿಡುವ ಕ್ರಮ

ಆದಾಯ ತೆರಿಗೆಯ ಲೆಕ್ಕದಲ್ಲಿ ಯಂತ್ರಕ್ಕೆ ಸಾಮಾನ್ಯವಾಗಿ ಶೇಕಡಾ 15 ಸವಕಳಿ. ಕೊಂಡ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ನಮ್ಮ ಯಂತ್ರಕ್ಕೆ ಈ ನಿಯಮ ತಿಳಿಯದು. ಅದು ದುಡಿದ ದಿನಗಳಿಗಿಂತ ಹೆಚ್ಚಾಗಿ ಮಲಗಿದ ದಿನಗಳಲ್ಲಿ ಸವೆಯುತ್ತದೆ. ಜೂನಿನಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ, ಉದುರಿದ ಅಡಿಕೆ ಹೆಕ್ಕಲು ಅನುಕೂಲವಾಗಲೆಂದು ಮಳೆ ಬಿಟ್ಟಮೇಲೆ ಒಮ್ಮೆ ಕೊಚ್ಚಿದ ನಂತರ ಮುಂದಿನ ಮಳೆಯ ತನಕ ಅದಕ್ಕೆ ಕೆಲಸವಿಲ್ಲ. ಕೊನೆಯ ದಿನದ ಒಂದು ಗಂಟೆಯೇ ಮುಂದಿನ ವರ್ಷವನ್ನು ನಿರ್ಧರಿಸುತ್ತದೆ.

ಅಂದು ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ತೆಗೆದು, ಉಳಿದದ್ದು ಮುಗಿದು ತಾನಾಗಿ ನಿಲ್ಲುವ ತನಕ ಎಂಜಿನನ್ನು ತೆರೆದ ಜಾಗದಲ್ಲಿ ಓಡಿಸಬೇಕು. ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡು ವಾಸನೆಯಿಲ್ಲದೆ ಕೊಲ್ಲಬಲ್ಲದು. ನಂತರ ಎಣ್ಣೆ ಬದಲಿಸಿ, ತಣಿದ ಮೇಲೆ ಪ್ಲಗ್ಗು ತೆಗೆದು, ಆ ರಂಧ್ರದಲ್ಲಿ ಒಂದು ಸಣ್ಣ ಚಮಚ ಶುದ್ಧ ಎಂಜಿನ್ ಎಣ್ಣೆ ಬಿಟ್ಟು, ಹಗ್ಗವನ್ನು ಎರಡು ಮೂರು ಸಲ ಮೆಲ್ಲನೆ ಎಳೆದು, ಪ್ಲಗ್ಗನ್ನು ಮತ್ತೆ ಹಾಕಬೇಕು. ಸಿಲಿಂಡರಿನ ಗೋಡೆಗೆ ತೆಳುವಾಗಿ ಎಣ್ಣೆ ಹಿಡಿದು ತುಕ್ಕು ಬಾರದು. ಮೆತ್ತಿದ ಹುಲ್ಲನ್ನು ಕೆರೆದು, ಅಲಗನ್ನು ಒರಸಿ ಎಣ್ಣೆ ಸವರಬೇಕು. ಗೊಬ್ಬರದ ಚೀಲ, ಮೈಲುತುತ್ತು ಇಡುವ ಕೋಣೆಯಲ್ಲಿ ಯಂತ್ರ ಬೇಡ. ಅವು ಲೋಹವನ್ನು ತಿನ್ನುತ್ತವೆ. ನೆಲದಲ್ಲಿಟ್ಟರೆ ಇಲಿಗಳು ಪೆಟ್ರೋಲಿನ ಕೊಳವೆ ಕಡಿಯುತ್ತವೆ, ಆದುದರಿಂದ ತೂಗುಹಾಕುವುದೇ ಲೇಸು. ಮೇಲೆ ಹಳೆಯ ಹತ್ತಿಯ ಸೀರೆ ಹೊದಿಸಿರಿ. ಪ್ಲಾಸ್ಟಿಕ್ ಹೊದಿಸಿದರೆ ಬೆವರುತ್ತದೆ.

ಇಲ್ಲಿ ಕೊಂಡು ಊರಿಗೆ ಒಯ್ಯುವವರಿಗೆ ಒಂದು ಮಾತು. ಠಾಣೆಯಲ್ಲಿ ಮತ್ಸ್ಯಗಂಧ ಹತ್ತುವಾಗ ಯಂತ್ರದ ಟ್ಯಾಂಕಿನಲ್ಲಿ ಒಂದು ತೊಟ್ಟು ಪೆಟ್ರೋಲೂ ಇರಕೂಡದು. ರೈಲಿನಲ್ಲಿ ಅದನ್ನು ಸಾಗಿಸುವುದು ಕಾನೂನಿನಂತೆ ಅಪರಾಧ. ನನ್ನ ಅಭಿಪ್ರಾಯದಲ್ಲಿ ಊರಿನ ಪೇಟೆಯಲ್ಲೇ ಕೊಳ್ಳುವುದು ಮೇಲು. ನೂರಿನ್ನೂರು ಹೆಚ್ಚಾದರೂ ರಿಪೇರಿಗೆ ಒಬ್ಬ ಮನುಷ್ಯ ಹತ್ತಿರದಲ್ಲಿರುತ್ತಾನೆ.

ಅಟ್ಟದ ಮೇಲಿದ್ದ ರಕ್ಷಕವನ್ನು 2018ರ ದೀಪಾವಳಿಗೆ ಹೋದಾಗ ನಾನೇ ಇಳಿಸಿ ಮತ್ತೆ ಕೂಡಿಸಿದೆ. ಕೊಟ್ಟಿಗೆಯ ಕಂಬಕ್ಕೆ ಒಂದು ನೋಟುಪುಸ್ತಕ ಕಟ್ಟಿದ್ದೇವೆ. ತಾರೀಕು, ನಡೆದ ಗಂಟೆ, ಹಾಕಿದ ಎಣ್ಣೆ, ಬದಲಿಸಿದ ಭಾಗ, ಕೊನೆಯಲ್ಲಿ ಕೆಲಸ ಮಾಡಿದವರ ಸಹಿ; ಬ್ಯಾಂಕಿನವನ ಚಾಳಿಯೆಂದು ಅಣ್ಣ ನಕ್ಕರು, ಆದರೆ ಬರೆಯುತ್ತಿದ್ದಾರೆ, ಅದೂ ಒಂದೇ ಕಣ್ಣಿಗೆ ಕಾಣುವಂತೆ ದಪ್ಪ ಅಕ್ಷರಗಳಲ್ಲಿ. ಕೈಪಿಡಿಯ ಮುಖ್ಯ ಸೂಚನೆಗಳನ್ನು ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ, ಟೂ ಸ್ಟ್ರೋಕಿಗೂ ಫೋರ್ ಸ್ಟ್ರೋಕಿಗೂ ಬೇರೆ ಬೇರೆಯಾಗಿ ಪ್ರತಿಗಳನ್ನು ಮಾಡಿಸಿಟ್ಟಿದ್ದೇನೆ. ಬೇಕಾದ ಸದಸ್ಯರು ರವಿವಾರ ಬೆಳಿಗ್ಗೆ ಸಂಘದ ವಾಚನಾಲಯದಲ್ಲಿ ನನ್ನಿಂದ ಪಡೆಯಬಹುದು. ಬರುವಾಗ ನಿಮ್ಮ ಯಂತ್ರದ ಹೆಸರು, ಮಾದರಿಯ ಸಂಖ್ಯೆ ಬರೆದು ತನ್ನಿರಿ.